ಜೀವಕೋಶದ ಮನೆ ಅಳಿಯ



2020ರ ನವೆಂಬರ್ ತಿಂಗಳ ಕೆಲವು ರಾತ್ರಿಗಳಲ್ಲಿ ಮುಂಬಯಿಯ ಜುಹೂ ತೀರಕ್ಕೆ ಹೋದವರು ಒಂದು ವಿಚಿತ್ರವನ್ನು ಕಂಡರು. ದಡಕ್ಕೆ ಬಂದು ಒಡೆಯುವ ತೆರೆಗಳ ಅಂಚು ನೀಲಿಯಾಗಿ ಹೊಳೆಯುತ್ತಿತ್ತು. ಅದೇ ತಿಂಗಳು ನಮ್ಮ ಕರ್ನಾಟಕದ ಕರಾವಳಿಯಲ್ಲೂ ಜನ ಕತ್ತಲಾದ ಮೇಲೆ ಈ ಬೆಳಕನ್ನು ನೋಡಲು ಕಡಲ ದಂಡೆಗೆ ಹೋದರು. ನೀರಿಗೆ ಕಾಲಿಟ್ಟರೆ ಕಾಲಿನ ಸುತ್ತ ಬೆಳಕು, ಕೈಯಾಡಿಸಿದರೆ ಬೆರಳ ಸಂದಿಯಲ್ಲಿ ಬೆಳಕು. ನಿಮ್ಮಲ್ಲಿ ಕೆಲವರು ಅದನ್ನು ಕಣ್ಣಾರೆ ಕಂಡಿರಬಹುದು.

ಆ ಬೆಳಕಿನ ಒಡೆಯನ ಹೆಸರು ನಾಕ್ಟಿಲೂಕಾ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ರಾತ್ರಿಯ ಬೆಳಕು. ಇದು ಮೀನಲ್ಲ, ಗಿಡವಲ್ಲ, ಬ್ಯಾಕ್ಟೀರಿಯವೂ ಅಲ್ಲ. ಒಂದೇ ಒಂದು ಜೀವಕೋಶದ ಜೀವಿ. ಆದರೂ ದೊಡ್ಡದಾದರೆ ಸಾಸಿವೆ ಕಾಳಿನಷ್ಟಾಗುತ್ತದೆ, ಬರಿಗಣ್ಣಿಗೆ ಕಾಣುತ್ತದೆ. ನೀರು ಕಲಕಿದಾಗ ಅದರ ಮೈಯೊಳಗೆ ಒಂದು ರಾಸಾಯನಿಕ ಕ್ರಿಯೆ ನಡೆದು ಕ್ಷಣಕಾಲ ಮಿಂಚುತ್ತದೆ.

ನಾಕ್ಟಿಲೂಕಾದಲ್ಲಿ ಎರಡು ಬಗೆ: ಕೆಂಪು ಮತ್ತು ಹಸಿರು. ಅರಬ್ಬೀ ಸಮುದ್ರದ ಉತ್ತರ ಭಾಗದಲ್ಲಿ ಚಳಿಗಾಲ ಬಂತೆಂದರೆ ಹಸಿರು ನಾಕ್ಟಿಲೂಕಾ ಮೈಲುಗಟ್ಟಲೆ ಹರಡಿ ಕಡಲಿಗೆ ಹಸಿರು ಬಣ್ಣ ಬಳಿಯುತ್ತದೆ. ಆ ಹಸಿರು ಅದರದಲ್ಲ. ಪ್ರತಿಯೊಂದು ನಾಕ್ಟಿಲೂಕಾದ ಹೊಟ್ಟೆಯೊಳಗೆ ಸಾವಿರಾರು ಪುಟ್ಟ ಹಸಿರು ಪಾಚಿಕೋಶಗಳು ಈಜಾಡಿಕೊಂಡಿರುತ್ತವೆ. ಅವು ಸತ್ತಿಲ್ಲ, ಜೀರ್ಣವಾಗಿಲ್ಲ. ಬಿಸಿಲಿನಲ್ಲಿ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತವೆ. ಅವನು ಇರಲು ಜಾಗ ಕೊಡುತ್ತಾನೆ.

ಒಂದು ಜೀವಿಯ ಒಳಗೆ ಇನ್ನೊಂದು ಜೀವಿ ಸಂಸಾರ ಹೂಡುವ ಈ ಏರ್ಪಾಟು ಕಡಲಿನ ಯಾವುದೋ ಮೂಲೆಯ ಕುತೂಹಲದ ಸಂಗತಿ ಎಂದುಕೊಳ್ಳಬೇಡಿ. ಈ ಸಾಲನ್ನು ಓದುತ್ತಿರುವ ನಿಮ್ಮ ಕಣ್ಣು, ಪುಟ ಹಿಡಿದಿರುವ ನಿಮ್ಮ ಕೈ, ಕಿಟಕಿಯಾಚೆಯ ಅಶ್ವತ್ಥದ ಎಲೆ, ಎಲ್ಲವೂ ಇಂಥದೇ ಒಂದು ಏರ್ಪಾಟಿನ ಸಂತಾನ. ಅದು ಹೇಗೆ ಎಂಬುದೇ ಈ ಲೇಖನದ ವಿಷಯ.

‘ಇತರೆ’ ಎಂಬ ಕಾಲಂ

ನೀವು ಶಾಲೆಯಲ್ಲಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ವಿಜ್ಞಾನ ಓದಿದವರು. ಜೀವಿಗಳಲ್ಲಿ ಐದು ಸಾಮ್ರಾಜ್ಯಗಳಿವೆ ಎಂದು ಉರು ಹೊಡೆದದ್ದು ನೆನಪಿದೆಯಲ್ಲವೇ? ಬ್ಯಾಕ್ಟೀರಿಯಗಳ ಮೊನೆರ, ಆಮೇಲೆ ಪ್ರೋಟಿಸ್ಟ, ಶಿಲೀಂಧ್ರ, ಸಸ್ಯ, ಪ್ರಾಣಿ. ಅಮೆರಿಕದ ರಾಬರ್ಟ್ ವಿಟೇಕರ್ 1969ರಲ್ಲಿ ಮಾಡಿದ ವಿಂಗಡಣೆ ಇದು. ಪ್ರೋಟಿಸ್ಟ ಎಂಬ ಹೆಸರು ಇನ್ನೂ ಹಳೆಯದು; ಜರ್ಮನಿಯ ಅರ್ನ್‌ಸ್ಟ್ ಹೆಕೆಲ್ 1866ರಲ್ಲಿ ಕೊಟ್ಟದ್ದು.

ಈ ಜೀವಿಗಳನ್ನು ಮೊದಲು ಕಂಡವನು ಮಾತ್ರ ವಿಜ್ಞಾನಿಯಲ್ಲ, ಬಟ್ಟೆ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದ ಕೆಳಗೆ ಕೆರೆಯ ನೀರನ್ನಿಟ್ಟು ನೋಡಿದ. ಅದರಲ್ಲಿ ಓಡಾಡುವ ಪುಟಾಣಿ ಜೀವಿಗಳ ವಿಷಯವನ್ನು 1674ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸಿದ.

ಪ್ರೋಟಿಸ್ಟ ಎಂಬ ಸಾಮ್ರಾಜ್ಯ ಹುಟ್ಟಿದ ಬಗೆ ಹೇಗೆ ಗೊತ್ತೇ? ಅರ್ಜಿ ನಮೂನೆಗಳಲ್ಲಿ ಕೊನೆಗೊಂದು ‘ಇತರೆ’ ಎಂಬ ಕಾಲಂ ಇರುತ್ತದೆ. ಎಲ್ಲಿಯೂ ಸೇರದವರೆಲ್ಲ ಅಲ್ಲಿ ಸೇರುತ್ತಾರೆ. ಪ್ರಾಣಿಯಲ್ಲ, ಸಸ್ಯವಲ್ಲ, ಶಿಲೀಂಧ್ರವಲ್ಲ, ಆದರೆ ಕೋಶದೊಳಗೆ ಕೋಶಕೇಂದ್ರವಿದೆ ಎಂದಾದರೆ ಹಾಕು ಪ್ರೋಟಿಸ್ಟಕ್ಕೆ! ಹೀಗೆ ಅಮೀಬಾ, ಪ್ಯಾರಮೀಸಿಯಂ, ಯೂಗ್ಲೀನಾ, ಗಾಜಿನ ಚಿಪ್ಪಿನ ಡಯಾಟಂ, ಮಲೇರಿಯದ ಪರೋಪಜೀವಿ ಎಲ್ಲವೂ ಒಂದೇ ಕೋಣೆಯಲ್ಲಿ ಕೂತವು. ಎಷ್ಟೋ ಜನ ಕಡಲಿನ ಕೆಲ್ಪ್ ಪಾಚಿಯನ್ನೂ ಅಲ್ಲಿಗೇ ಕಳಿಸಿದರು.

ಡಿ.ಎನ್.ಎ. ಓದುವ ವಿದ್ಯೆ ಬಂದ ಮೇಲೆ ಆ ಕೋಣೆಯ ಗೋಡೆ ಬಿತ್ತು. ಅಲ್ಲಿದ್ದವರು ಒಂದೇ ಕುಟುಂಬದವರಲ್ಲ ಎಂಬುದು ಗೊತ್ತಾಯಿತು. ಕೋಶಕೇಂದ್ರವುಳ್ಳ ಜೀವಿಗಳ ವಂಶವೃಕ್ಷದಲ್ಲಿ ಹಲವಾರು ದೊಡ್ಡ ಕೊಂಬೆಗಳಿವೆ. ಹೆಚ್ಚಿನವು ಪೂರ್ತಿಯಾಗಿ ಪ್ರೋಟಿಸ್ಟ್‌ಗಳವೇ. ಪ್ರಾಣಿಗಳೂ ಅಣಬೆಗಳೂ ಒಂದೇ ಕೊಂಬೆಯ ಎರಡು ರೆಂಬೆಗಳು. ನೆಲದ ಗಿಡಮರಗಳು ಇನ್ನೊಂದು ಕೊಂಬೆಯ ಒಂದು ರೆಂಬೆ. ನಿಮಗೂ ನಾಯಿಕೊಡೆಗೂ ಇರುವ ನಂಟು, ಕೆಲ್ಪ್‌ಗೂ ಮಾವಿನ ಮರಕ್ಕೂ ಇರುವ ನಂಟಿಗಿಂತ ಹತ್ತಿರದ್ದು. ನಾವು ‘ಇತರೆ’ ಎಂದು ಬದಿಗೆ ತಳ್ಳಿದವರೇ ಊರಿನ ಬಹುಪಾಲು ಜನ ಎಂದಾಯಿತು.

ಒಂದು ಖೋಲಿ, ಹಲವು ಕೋಣೆ

ಭೂಮಿಗೆ ಸುಮಾರು 454 ಕೋಟಿ ವರ್ಷ ವಯಸ್ಸು. ಜೀವವಿತ್ತು ಎನ್ನಲು ಸುಮಾರು 350 ಕೋಟಿ ವರ್ಷ ಹಳೆಯ ಕಲ್ಲುಗಳಲ್ಲಿ ಗುರುತು ಸಿಗುತ್ತದೆ. ಆದರೆ ಬಹುಕಾಲ ಇದ್ದದ್ದು ಬ್ಯಾಕ್ಟೀರಿಯಗಳು ಮತ್ತು ಅವುಗಳನ್ನೇ ಹೋಲುವ, ಆದರೆ ಬೇರೆಯೇ ವಂಶದ, ಆರ್ಕಿಯಗಳು ಮಾತ್ರ. ಆರ್ಕಿಯಗಳು ಬೇರೆ ವಂಶವೆಂಬುದನ್ನು 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟರು.

ಈ ಎರಡೂ ಬಗೆಯ ಕೋಶಗಳು ಚಾಳಿನ ಒಂದೇ ಖೋಲಿಯ ಸಂಸಾರದಂತೆ. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ಹಾಸಿಗೆ, ಅಲ್ಲೇ ಮನೆಯ ಕಾಗದಪತ್ರ. ಡಿ.ಎನ್.ಎ.ಗೆ ಪ್ರತ್ಯೇಕ ಕೋಣೆಯಿಲ್ಲ. ಇವಕ್ಕೆ ಪ್ರೋಕ್ಯಾರಿಯೋಟ್ ಎಂದು ಹೆಸರು. ನಮ್ಮ, ಗಿಡಗಳ, ಅಮೀಬಾಗಳ ಕೋಶವಾದರೋ ಹಲವು ಕೋಣೆಗಳ ಮನೆ. ಡಿ.ಎನ್.ಎ. ಇರುವ ಕೋಶಕೇಂದ್ರ ಒಂದು ಕೋಣೆ, ಕಸ ಅರೆಯುವ ಕೋಣೆ ಒಂದು, ಸಾಮಾನು ಕಟ್ಟಿ ಕಳಿಸುವ ಕೋಣೆ ಇನ್ನೊಂದು, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಎಂಬ ಕೋಣೆಗಳು ನೂರಾರು. ಇದು ಯೂಕ್ಯಾರಿಯೋಟ್. ಬ್ಯಾಕ್ಟೀರಿಯಕ್ಕಿಂತ ಸಾಮಾನ್ಯವಾಗಿ ಹತ್ತು ಪಟ್ಟು ಉದ್ದ. ಅಂದರೆ ಗಾತ್ರದಲ್ಲಿ ಸಾವಿರ ಪಟ್ಟು.

ಈ ದೊಡ್ಡ ಮನೆ ಕಲ್ಲಿನ ದಾಖಲೆಯಲ್ಲಿ ಕಾಣಿಸಿಕೊಳ್ಳುವುದು ಸುಮಾರು 165 ಕೋಟಿ ವರ್ಷಗಳ ಹಿಂದೆ. ಚೀನಾದ ಮತ್ತು ಆಸ್ಟ್ರೇಲಿಯದ ಹಳೆಯ ಪದರಗಳಲ್ಲಿ. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ವಿಂಧ್ಯ ಪ್ರದೇಶದ ಚಿತ್ರಕೂಟದ ಹೆಸರು ಕೇಳಿದ ಕೂಡಲೇ ಮನೆಯ ಹಿರಿಯರಿಗೆ ರಾಮಾಯಣದ ವನವಾಸ ನೆನಪಾಗುತ್ತದೆ. ಅಲ್ಲಿನ ಸುಮಾರು 160 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಕೆಂಪು ಪಾಚಿಯನ್ನು ಹೋಲುವ, ಕೋಶಗಳು ಸಾಲುಗಟ್ಟಿ ನಿಂತ ಎಳೆಗಳ ಪಳೆಯುಳಿಕೆ ಸಿಕ್ಕಿದೆ. ಸ್ವೀಡನ್ನಿನ ಸ್ಟೆಫಾನ್ ಬೆಂಗ್ಟ್‌ಸನ್ ಮತ್ತು ಸಂಗಡಿಗರು 2017ರಲ್ಲಿ ಅದನ್ನು ಪ್ರಕಟಿಸಿದರು. ಅದರ ಹೆಸರು ರಫತಾಜ್ಮಿಯ ಚಿತ್ರಕೂಟೆನ್ಸಿಸ್. ಆ ಬಂಡೆಗಳಲ್ಲಿ ಮೊದಲೇ ಹುಡುಕಾಡಿದ್ದ ಭಾರತೀಯ ಭೂವಿಜ್ಞಾನಿ ರಫತ್ ಆಜ್ಮಿಯವರ ಹೆಸರೂ ಊರಿನ ಹೆಸರೂ ಅದರಲ್ಲಿ ಒಟ್ಟಿಗೆ ಉಳಿದಿವೆ.

ಸುಮಾರು ಇನ್ನೂರು ಕೋಟಿ ವರ್ಷ ಒಂದೇ ಖೋಲಿಯಲ್ಲಿದ್ದ ಜೀವ ಹಲವು ಕೋಣೆಗಳ ಮನೆ ಕಟ್ಟಿಸಿದ್ದು ಹೇಗೆ?

ಬಂದವನು ಅಲ್ಲೇ ಉಳಿದ

ಎಲೆಯ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳು ಒಂದಾನೊಂದು ಕಾಲದಲ್ಲಿ ಸ್ವತಂತ್ರ ಜೀವಿಗಳಾಗಿದ್ದವು ಎಂದು ರಷ್ಯದ ಮೆರೆಷ್ಕೋವ್‌ಸ್ಕಿ 1905ರಲ್ಲೇ ಬರೆದ. ಅಮೆರಿಕದ ಐವಾನ್ ವಾಲಿನ್ 1920ರ ದಶಕದಲ್ಲಿ ಮೈಟೊಕಾಂಡ್ರಿಯಗಳ ಬಗ್ಗೆ ಅದೇ ಮಾತು ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಮಾತಿಗೆ ಮತ್ತೆ ಜೀವ ಕೊಟ್ಟವಳು ಲಿನ್ ಮಾರ್ಗುಲಿಸ್. ಇನ್ನೂ ಮೂವತ್ತು ತುಂಬದ ಆ ಹೆಣ್ಣುಮಗಳು ಬರೆದ ಲೇಖನವನ್ನು ಒಂದಾದ ಮೇಲೊಂದರಂತೆ ಹದಿನೈದರಷ್ಟು ಪತ್ರಿಕೆಗಳು ಹಿಂದಕ್ಕೆ ಕಳಿಸಿದವು ಎಂದು ಆಕೆಯೇ ಹೇಳಿಕೊಂಡಿದ್ದಾಳೆ. ಕೊನೆಗೆ 1967ರಲ್ಲಿ ಅದು ಅಚ್ಚಾಯಿತು. ಆಕೆಯ ವಾದ ಇಷ್ಟು: ಒಂದು ಕೋಶದೊಳಗೆ ಒಂದು ಬ್ಯಾಕ್ಟೀರಿಯ ಹೊಕ್ಕಿತು. ಆಹಾರವಾಗಿ ಹೋಯಿತೋ, ದರೋಡೆಕೋರನಾಗಿ ಹೋಯಿತೋ, ಅಂತೂ ಹೊಕ್ಕಿತು. ಇದು ಅದನ್ನು ಅರಗಿಸಿಕೊಳ್ಳಲಿಲ್ಲ, ಅದು ಇದನ್ನು ಕೊಲ್ಲಲಿಲ್ಲ. ಒಳಗೆ ಬಂದವನಿಗೆ ಆಮ್ಲಜನಕ ಬಳಸಿ ಅನ್ನವನ್ನು ಪೂರ್ತಿಯಾಗಿ ಉರಿಸಿ ಶಕ್ತಿ ತೆಗೆಯುವ ವಿದ್ಯೆ ಗೊತ್ತಿತ್ತು. ಗಾಳಿಯಲ್ಲಿ ಆಮ್ಲಜನಕ ಮೊದಲ ಬಾರಿಗೆ ತುಂಬತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಆ ಮೇಲಿನ ಲೋಕದಲ್ಲಿ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ. ಅತಿಥಿ ಮನೆ ಅಳಿಯನಾದ. ಅವನ ಸಂತಾನವೇ ಇಂದಿನ ಮೈಟೊಕಾಂಡ್ರಿಯ.

ಸಾಕ್ಷಿ ಏನು? ಮೈಟೊಕಾಂಡ್ರಿಯವನ್ನು ಕೋಶ ಹೊಸದಾಗಿ ಕಟ್ಟಲಾರದು. ಇರುವ ಮೈಟೊಕಾಂಡ್ರಿಯವೇ ಬ್ಯಾಕ್ಟೀರಿಯದಂತೆ ಎರಡಾಗಿ ಒಡೆಯಬೇಕು. ಅದಕ್ಕೆ ತನ್ನದೇ ಡಿ.ಎನ್.ಎ. ಇದೆ. ಪ್ರೋಟೀನು ಕಟ್ಟುವ ಅದರ ಯಂತ್ರ ನಮ್ಮ ಕೋಶದ ಉಳಿದ ಯಂತ್ರಗಳ ಮಾದರಿಯದಲ್ಲ, ಬ್ಯಾಕ್ಟೀರಿಯದ ಮಾದರಿಯದು. ಒಂದು ಕಾಲದಲ್ಲಿ ಟೈಫಾಯ್ಡಿಗೆ ಧಾರಾಳವಾಗಿ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್ ಔಷಧ ಬ್ಯಾಕ್ಟೀರಿಯದ ಆ ಯಂತ್ರವನ್ನು ನಿಲ್ಲಿಸುತ್ತದೆ. ಜೊತೆಗೆ ನಮ್ಮ ಮೈಟೊಕಾಂಡ್ರಿಯಕ್ಕೂ ಪೆಟ್ಟು ಕೊಡುತ್ತದೆ. ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ನಮ್ಮ ಮನೆಯಲ್ಲಿದ್ದರೂ ಅಳಿಯನ ಮಾತಿನ ಧಾಟಿ ಹೋಗಿಲ್ಲ! 1970ರ ದಶಕದಲ್ಲಿ ಈ ಯಂತ್ರಗಳ ಅಕ್ಷರಮಾಲೆಯನ್ನು ಹೋಲಿಸಿ ನೋಡಿದ ಮೇಲೆ ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಇಂಥ ನಂಟು ಬೆಳೆಯುವುದನ್ನು ಪ್ರಯೋಗಶಾಲೆಯಲ್ಲಿ ಕಣ್ಣಾರೆ ನೋಡಿದವರೂ ಇದ್ದಾರೆ. ಕ್ವಾಂಗ್ ಜಿಯೋನ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಅಮೀಬಾಗಳನ್ನು ಸಾಕಿದ್ದರು. 1966ರಲ್ಲಿ ಅವಕ್ಕೆ ಒಂದು ಬ್ಯಾಕ್ಟೀರಿಯದ ಸೋಂಕು ತಗಲಿ ಹೆಚ್ಚಿನವು ಸತ್ತವು. ಜಿಯೋನ್ ಪಾತ್ರೆ ತೊಳೆದಿಡಲಿಲ್ಲ. ಉಳಿದ ಕೆಲವನ್ನು ಜೋಪಾನವಾಗಿ ಬೆಳೆಸಿದರು. ಪ್ರತಿ ಅಮೀಬಾದೊಳಗೂ ಹತ್ತಾರು ಸಾವಿರ ಬ್ಯಾಕ್ಟೀರಿಯಗಳು ಬೀಡುಬಿಟ್ಟಿದ್ದವು. ಕೆಲವೇ ವರ್ಷಗಳ ನಂತರ ಆ ಅಮೀಬಾಗಳ ಕೋಶಕೇಂದ್ರವನ್ನು ತೆಗೆದು ಸೋಂಕಿಲ್ಲದ ಅಮೀಬಾಕ್ಕೆ ಜೋಡಿಸಿದರೆ ಅದು ಬದುಕಲಿಲ್ಲ. ಜೊತೆಗೆ ಬ್ಯಾಕ್ಟೀರಿಯಗಳನ್ನೂ ಸೇರಿಸಿದರೆ ಬದುಕಿತು. ಕೊಲ್ಲಲು ಬಂದವನಿಲ್ಲದೆ ಈಗ ಮನೆ ನಡೆಯುವುದಿಲ್ಲ.

ಮಾವನ ಮನೆ ಯಾವುದು?

ಅಳಿಯ ಯಾರೆಂದು ಗೊತ್ತಾಯಿತು. ಮಾವನ ಮನೆ ಯಾವುದು? ಇದಕ್ಕೆ ಉತ್ತರ ಸಿಗಲು 2015 ಬರಬೇಕಾಯಿತು. ಗ್ರೀನ್‌ಲೆಂಡ್ ಮತ್ತು ನಾರ್ವೆಗಳ ನಡುವೆ ಉತ್ತರದ ಕಡಲಿನ ತಳದಲ್ಲಿ ಬಿಸಿನೀರಿನ ಚಿಲುಮೆಗಳಿರುವ ಒಂದು ತಾಣವಿದೆ. ಅದರ ಹೆಸರು ಲೋಕಿಯ ಕೋಟೆ. ಲೋಕಿ ಆ ಸೀಮೆಯ ಪುರಾಣದ ಕಪಟಿ ದೇವತೆ. ಅದರ ಸಮೀಪ, ಮೂರು ಸಾವಿರ ಮೀಟರಿಗೂ ಆಳದಿಂದ ತೆಗೆದ ಕೆಸರಿನ ಡಿ.ಎನ್.ಎ.ಯನ್ನು ಸ್ವೀಡನ್ನಿನ ಉಪ್ಸಲಾದಲ್ಲಿ ಥೈಸ್ ಎಟ್ಟೆಮಾ ಅವರ ತಂಡ ಓದಿತು. ಅಲ್ಲಿದ್ದ ಒಂದು ಆರ್ಕಿಯದಲ್ಲಿ, ಅದುವರೆಗೆ ನಮ್ಮಂಥ ಕೋಶಗಳಲ್ಲಿ ಮಾತ್ರ ಇವೆ ಎಂದುಕೊಂಡಿದ್ದ ಹಲವು ವಂಶವಾಹಿಗಳು ಕಂಡವು. ಅದಕ್ಕೆ ಲೋಕಿಯದೇ ಹೆಸರಿಟ್ಟರು. ಆಮೇಲೆ ಅದರ ನೆಂಟರು ಹಲವರು ಸಿಕ್ಕಿದರು. ಆ ಬಳಗಕ್ಕೆಲ್ಲ ಈಗ ಆಸ್ಗಾರ್ಡ್ ಆರ್ಕಿಯ ಎಂದು ಹೆಸರು.

ಆದರೆ ಜೀವಿಯನ್ನೇ ಯಾರೂ ಕಂಡಿರಲಿಲ್ಲ. ಕಂಡದ್ದು ಅದರ ಡಿ.ಎನ್.ಎ. ಮಾತ್ರ. ಇನ್ನೊಂದು ಕಡೆ ಜಪಾನಿನಲ್ಲಿ ಹಿರೊಯುಕಿ ಇಮಾಚಿ ಮತ್ತು ಸಂಗಡಿಗರು 2006ರಲ್ಲೇ ತಮ್ಮ ಕಡಲ ತಳದಿಂದ, ಸುಮಾರು ಎರಡೂವರೆ ಸಾವಿರ ಮೀಟರ್ ಆಳದಿಂದ, ಕೆಸರು ತಂದಿದ್ದರು. ಅದನ್ನು ಸ್ಪಂಜಿನ ತುಂಡುಗಳಲ್ಲಿ ನೆನೆಸಿ, ಮೀಥೇನ್ ಅನಿಲ ಹಾಯಿಸುತ್ತ, ಎರಡು ಸಾವಿರಕ್ಕೂ ಹೆಚ್ಚು ದಿನ ಕಾದರು. ಇದು ಎರಡಾಗಲು ಎರಡು ಮೂರು ವಾರ ಬೇಕಾದ ನಿಧಾನಸ್ಥ ಜೀವಿ. ಒಟ್ಟು ಹನ್ನೆರಡು ವರ್ಷ ಹಿಡಿಯಿತು. 2020ರಲ್ಲಿ ಪ್ರಕಟವಾದ ಚಿತ್ರಗಳಲ್ಲಿ ಕಂಡದ್ದು ಬ್ಯಾಕ್ಟೀರಿಯಕ್ಕಿಂತಲೂ ಸಣ್ಣ ಗುಂಡು. ಆದರೆ ಅದರ ಮೈಯಿಂದ ಕವಲೊಡೆದ ಉದ್ದುದ್ದ ತೋಳುಗಳು ಹೊರಟಿದ್ದವು. ಒಂಟಿಯಾಗಿ ಅದು ಬದುಕುವುದಿಲ್ಲ. ನೆರೆಯಲ್ಲಿ ಬೇರೆ ಸೂಕ್ಷ್ಮಜೀವಿಗಳಿದ್ದು ಕೊಡುಕೊಳ್ಳುವಿಕೆ ನಡೆದರೆ ಮಾತ್ರ ಬೆಳೆಯುತ್ತದೆ. ಇಂಥ ತೋಳುಗಳೇ ನೆರೆಯವನನ್ನು ಬಳಸಿ, ನಿಧಾನವಾಗಿ ಒಳಕ್ಕೆ ತೆಗೆದುಕೊಂಡಿರಬೇಕು ಎಂಬುದು ಇಮಾಚಿಯವರ ಊಹೆ. ಕೋಶಕೇಂದ್ರ ಮೊದಲೋ, ಮೈಟೊಕಾಂಡ್ರಿಯ ಮೊದಲೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.

ಮನೆಯೊಳಗೆ ಮನೆ

ಮೈಟೊಕಾಂಡ್ರಿಯ ಬಂದ ಮೇಲೆ ಇನ್ನೊಂದು ಅತಿಥಿ ಬಂತು. ಬಿಸಿಲಿನಿಂದ ಅನ್ನ ಬೇಯಿಸುವ ನೀಲಿ-ಹಸಿರು ಬ್ಯಾಕ್ಟೀರಿಯವನ್ನು ಒಂದು ಪ್ರೋಟಿಸ್ಟ್ ಒಳಕ್ಕೆ ತೆಗೆದುಕೊಂಡಿತು. ಅದು ಕ್ಲೋರೋಪ್ಲಾಸ್ಟ್ ಆಯಿತು. ಹಸಿರು ಪಾಚಿ, ಕೆಂಪು ಪಾಚಿ, ನೆಲದ ಮೇಲಿನ ಎಲ್ಲ ಗಿಡಮರಗಳು ಈ ಮನೆತನದವು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅತಿಥಿಯಿದ್ದ ಆ ಪಾಚಿಯನ್ನೇ ಬೇರೆ ಪ್ರೋಟಿಸ್ಟ್‌ಗಳು ನುಂಗಿ ಇಟ್ಟುಕೊಂಡವು. ನಮ್ಮೂರ ಜಾತ್ರೆಯಲ್ಲಿ ಮಾರುವ ಮರದ ಗೊಂಬೆಯೊಳಗೆ ಗೊಂಬೆ ಇರುತ್ತದಲ್ಲ, ಹಾಗೆ. ಡಯಾಟಂಗಳು ಕೆಂಪು ಪಾಚಿಯನ್ನು ಹೀಗೆ ಒಳಗಿಟ್ಟುಕೊಂಡವರ ವಂಶ. ಇವು ಗಾಜಿನ ಡಬ್ಬಿಯೊಳಗೆ ಬದುಕುತ್ತವೆ. ಆ ಡಬ್ಬಿಯ ನಕಾಶೆ ಕೆಲಸಕ್ಕೆ ಬೇಲೂರಿನ ಶಿಲ್ಪಿಯೂ ತಲೆದೂಗಬೇಕು. ಭೂಮಿಯ ಮೇಲೆ ಬಿಸಿಲಿನಿಂದ ತಯಾರಾಗುವ ಆಹಾರದಲ್ಲಿ ಸುಮಾರು ಐದನೇ ಒಂದು ಪಾಲು ಈ ಡಯಾಟಂಗಳದು. ಅಂದರೆ ನೀವು ಎಳೆದುಕೊಳ್ಳುವ ಐದು ಉಸಿರಿನಲ್ಲಿ ಒಂದರ ಋಣ ಅವಕ್ಕಿದೆ.

ಹಿಂದೆ ಅರಬ್ಬೀ ಸಮುದ್ರದ ಉತ್ತರ ಭಾಗದಲ್ಲಿ ಚಳಿಗಾಲದ ಬೆಳೆ ಎಂದರೆ ಈ ಡಯಾಟಂಗಳೇ. 2000ದ ನಂತರ ಅವುಗಳ ಜಾಗವನ್ನು ಹಸಿರು ನಾಕ್ಟಿಲೂಕಾ ಆಕ್ರಮಿಸತೊಡಗಿತು. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತಿರುವುದು ಅದಕ್ಕೆ ಅನುಕೂಲವಾಗಿದೆ ಎಂದು ಹೆಲ್ಗಾ ಗೋಮ್ಸ್, ಜೋಕಿಂ ಗೋಯಸ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ನಾಕ್ಟಿಲೂಕಾ ಡಯಾಟಂಗಳನ್ನು ನುಂಗುತ್ತದೆ. ನಾಕ್ಟಿಲೂಕಾವನ್ನು ತಿನ್ನುವುದು ಹೆಚ್ಚಾಗಿ ಲೋಳೆಮೀನಿನಂಥ ಜೀವಿಗಳು. ಮೀನಿನ ಊಟದ ಸರಪಳಿ ಬುಡದಲ್ಲೇ ಬದಲಾಗುತ್ತಿದೆ. ಕಡಲನ್ನು ನಂಬಿ ಬದುಕುವ ಮನೆಗಳಿಂದ ಬಂದವರು ನಿಮ್ಮಲ್ಲಿ ಹಲವರಿದ್ದೀರಿ. ಇದರ ಅರ್ಥವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಿಕಂದರಾಬಾದಿನ ಸೊಳ್ಳೆ, ಮಲೆನಾಡಿನ ಅಡಿಕೆ

ಪ್ರೋಟಿಸ್ಟ್‌ಗಳ ಮೂಲ ಹುಡುಕುವುದು ಪಂಡಿತರ ಕಾಲಹರಣವಲ್ಲ. ಎರಡು ಉದಾಹರಣೆ ಕೊಡುತ್ತೇನೆ.

ಹೈದರಾಬಾದಿನ ನಮ್ಮ ಗೆಳೆಯರಿಗೆ ಇದು ಮನೆಯ ಪಕ್ಕದ ಕಥೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಒಂದು ಸೊಳ್ಳೆಯ ಹೊಟ್ಟೆ ಸೀಳಿ, ಮಲೇರಿಯದ ಪರೋಪಜೀವಿಯನ್ನು ಅಲ್ಲಿ ಕಂಡ. ಆ ಜೀವಿ ಒಂದು ಪ್ರೋಟಿಸ್ಟ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲೂ ಮಲೇರಿಯಕ್ಕೆ ಸುಮಾರು ಆರು ಲಕ್ಷ ಜನ ಬಲಿಯಾದರು. ಹೆಚ್ಚಿನವರು ಆಫ್ರಿಕದ ಪುಟ್ಟ ಮಕ್ಕಳು. ರಕ್ತದ ಕತ್ತಲಲ್ಲಿ ಬದುಕುವ ಈ ಜೀವಿಯ ಒಳಗೆ ನಾಲ್ಕು ಪೊರೆಗಳ ಒಂದು ಪುಟ್ಟ ಚೀಲ ಇರುವುದನ್ನು 1990ರ ದಶಕದಲ್ಲಿ ವಿಜ್ಞಾನಿಗಳು ಗುರುತಿಸಿದರು. ಅದು ಏನೆಂದುಕೊಂಡಿರಿ? ಹಳೆಯ ಕ್ಲೋರೋಪ್ಲಾಸ್ಟ್! ಇದರ ಪೂರ್ವಜರು ಎಂದೋ ಒಂದು ಪಾಚಿಯನ್ನು ನುಂಗಿ ಬಿಸಿಲಿನಲ್ಲಿ ಬಾಳಿದವರು. ಬಿಸಿಲು ಬಿಟ್ಟು ಪರರ ರಕ್ತಕ್ಕೆ ಬಂದ ಮೇಲೆ ಹಸಿರು ಹೋಯಿತು, ಚೀಲ ಉಳಿಯಿತು. ಬೇರೆ ಕೆಲವು ಅಗತ್ಯದ ಕೆಲಸಗಳನ್ನು ಅದು ಇನ್ನೂ ಮಾಡುತ್ತದೆ. ಚೀಲ ಕೆಟ್ಟರೆ ಪರೋಪಜೀವಿಯ ಮುಂದಿನ ತಲೆಮಾರು ಸಾಯುತ್ತದೆ. ಬ್ಯಾಕ್ಟೀರಿಯಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಲೇರಿಯದ ಮೇಲೂ ಕೆಲಸ ಮಾಡುವ ಗುಟ್ಟು ಇದೇ: ಅದು ಆ ಹಳೆಯ ಅತಿಥಿಗೆ ಹೊಡೆಯುತ್ತದೆ.

ಎರಡನೆಯದು ನಿಮ್ಮ ಅಜ್ಜನ ತೋಟದ್ದು. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗದ ಹೆಸರು ಕೇಳದ ಮಲೆನಾಡಿಗರಿಲ್ಲ, ಕರಾವಳಿಯವರಿಲ್ಲ. ಎಳೆ ಕಾಯಿ ಕೊಳೆತು ಉದುರಿದರೆ ವರ್ಷದ ಆದಾಯವೇ ನೆಲಕ್ಕೆ ಬಿದ್ದಂತೆ. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದು, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ಮದ್ದು ಬಿಡುವುದು, ಇವೆಲ್ಲ ಅದಕ್ಕಾಗಿ. ಮೈಸೂರು ಸರಕಾರದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಬರೆದ ವರದಿಗೆ ‘ಕೊಳೆರೋಗ’ ಎಂಬ ಕನ್ನಡ ಹೆಸರನ್ನೇ ಬಳಸಿದರು. ಆ ಪದ ಹಾಗೆಯೇ ಇಂಗ್ಲಿಷ್ ಪುಸ್ತಕಗಳಿಗೆ ಹೋಗಿ ಇಂದಿಗೂ ಅಲ್ಲಿದೆ.

ಈ ರೋಗ ತರುವ ಫೈಟಾಫ್ತೊರವನ್ನು ಬಹುಕಾಲ ಶಿಲೀಂಧ್ರ ಎಂದೇ ಎಣಿಸಿದ್ದರು. ನೋಡಲು ಬೂಷ್ಟಿನಂತೆಯೇ ಇದೆ. ಆದರೆ ಅದರ ವಂಶವೇ ಬೇರೆ: ಡಯಾಟಂ ಮತ್ತು ಕೆಲ್ಪ್‌ಗಳ ದಾಯಾದಿ. ಅದರ ಬೀಜಕಣಗಳು ಎರಡು ಬಾಲ ಬೀಸುತ್ತ ಮಳೆನೀರಿನ ತೆಳು ಪದರದಲ್ಲಿ ಈಜಿ ಕಾಯಿಂದ ಕಾಯಿಗೆ ಹೋಗುತ್ತವೆ. ಅದರ ಕೋಶಭಿತ್ತಿ ಮುಖ್ಯವಾಗಿ ಸೆಲ್ಯುಲೋಸಿನದು, ಅಣಬೆಗಳಂತೆ ಕೈಟಿನ್ನಿನದಲ್ಲ. ಹಾಗಾಗಿ ಶಿಲೀಂಧ್ರಕ್ಕೆಂದು ತಯಾರಿಸಿದ ಹಲವು ಔಷಧಗಳು ಇದಕ್ಕೆ ನಾಟುವುದಿಲ್ಲ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ, ಹತ್ತು ಲಕ್ಷದಷ್ಟು ಜನರ ಸಾವಿಗೆ ಕಾರಣವಾದ ಕ್ಷಾಮ ತಂದದ್ದು ಇದರ ಒಡಹುಟ್ಟೇ. ಶತ್ರುವಿನ ಕುಲಗೋತ್ರ ತಿಳಿಯದೆ ಹೋರಾಡಿದರೆ ಹೊಡೆತ ಗುರಿ ತಪ್ಪುತ್ತದೆ.

ಎಲ್ಲ ಪ್ರೋಟಿಸ್ಟ್‌ಗಳೂ ರೋಗ ತರುವವಲ್ಲ. ಫೈಸಾರಂ ಎಂಬ ಹಳದಿ ಲೋಳೆಯೊಂದಿದೆ. ಅಂಗೈಯಗಲ ಹರಡಿದರೂ ಒಂದೇ ಕೋಶ, ಒಳಗೆ ಅಸಂಖ್ಯ ಕೋಶಕೇಂದ್ರ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಟೋಕಿಯೋ ಸುತ್ತಲಿನ ಊರುಗಳಿರುವ ಕಡೆ ಓಟ್ಸ್ ಕಾಳುಗಳನ್ನಿಟ್ಟು ನಡುವೆ ಇದನ್ನು ಬಿಟ್ಟರು. ಒಂದು ದಿನದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಅದು ಕಾಳಿನಿಂದ ಕಾಳಿಗೆ ಎಳೆದ ಜಾಲ ಅಲ್ಲಿನ ರೈಲುಮಾರ್ಗದ ಜಾಲವನ್ನು ಹೋಲುತ್ತಿತ್ತು. ಮೆದುಳಿಲ್ಲದ ಜೀವಿಯ ಕೆಲಸ ಇದು. ಲೋಕಲ್ ರೈಲಿನಲ್ಲಿ ನೇತಾಡುವ ನೀವು ಒಮ್ಮೆ ಯೋಚಿಸಿ ನೋಡಿ!

ಕಥೆ ಇನ್ನೂ ಮುಗಿದಿಲ್ಲ

ಈ ಅತಿಥಿ ಸತ್ಕಾರ ಹಿಂದೆಂದೋ ನಡೆದು ಮುಗಿದದ್ದಲ್ಲ. ಪಾಲಿನೆಲ್ಲಾ ಎಂಬ ಅಮೀಬಾ ಬಳಗದ ಜೀವಿಯನ್ನು ಜರ್ಮನಿಯ ಲಾಟರ್‌ಬಾರ್ನ್ 1894ರಲ್ಲಿ ಕಂಡ. ಅದು ಸುಮಾರು 10 ಕೋಟಿ ವರ್ಷಗಳ ಹಿಂದೆ, ಗಿಡಗಳ ಹಾದಿಯಿಂದ ಬೇರೆಯಾಗಿ, ತಾನೇ ಒಂದು ನೀಲಿ-ಹಸಿರು ಬ್ಯಾಕ್ಟೀರಿಯವನ್ನು ಮನೆಗೆ ಸೇರಿಸಿಕೊಂಡಿದೆ. 2024ರಲ್ಲಿ ಇನ್ನೊಂದು ಸುದ್ದಿ ಬಂತು. ಒಂದು ಕಡಲ ಪಾಚಿಯೊಳಗಿನ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತ ಈಗ ಕೋಶದ ಅಂಗವೇ ಆಗಿಬಿಟ್ಟಿದೆ ಎಂದು ತೀರ್ಮಾನಿಸಿ, ಅದಕ್ಕೆ ನೈಟ್ರೊಪ್ಲಾಸ್ಟ್ ಎಂದು ಹೆಸರಿಟ್ಟರು. ಆ ಪಾಚಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಜಪಾನಿನ ಕ್ಯೋಕೊ ಹಗಿನೊ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪಾಡು ಪಟ್ಟಿದ್ದರು. ಹಾಗೆಯೇ ಮನೆ ಬಿಟ್ಟುಹೋದ ಅಳಿಯನೂ ಇದ್ದಾನೆ. ಮೊನೊಸರ್ಕೊಮೊನಾಯ್ಡಿಸ್ ಎಂಬ, ಪ್ರಾಣಿಯ ಕರುಳಿನಲ್ಲಿ ಬದುಕುವ ಪ್ರೋಟಿಸ್ಟಿನಲ್ಲಿ ಮೈಟೊಕಾಂಡ್ರಿಯದ ಸುಳಿವೇ ಇಲ್ಲವೆಂದು 2016ರಲ್ಲಿ ತಿಳಿಯಿತು. ಅಲ್ಲಿ ಆಮ್ಲಜನಕ ಇಲ್ಲ. ಅವನ ವಿದ್ಯೆಗೆ ಕೆಲಸವೂ ಇಲ್ಲ.

ಮೂವತ್ತೇಳು

ಈಗ ನಿಮ್ಮ ಬಳಿಗೇ ಬರೋಣ. ಮನೆ ಅಳಿಯ ತನ್ನ ಆಸ್ತಿಪತ್ರಗಳನ್ನು ಒಂದೊಂದಾಗಿ ಮಾವನ ತಿಜೋರಿಗೆ ಸೇರಿಸಿದ. ಇಂದು ನಿಮ್ಮ ಮೈಟೊಕಾಂಡ್ರಿಯಕ್ಕೆ ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ಬರಹ ಕೋಶಕೇಂದ್ರದಲ್ಲೇ ಇದೆ. ಅದು ತನ್ನಲ್ಲೇ ಉಳಿಸಿಕೊಂಡಿರುವುದು ಕೇವಲ 37 ವಂಶವಾಹಿಗಳು, 16,569 ಅಕ್ಷರಗಳು. ಪ್ರೋಟೀನುಗಳ ಬರಹ ಅದರಲ್ಲಿ 13 ಮಾತ್ರ. 1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಆ ಬರಹವನ್ನು ಪೂರ್ತಿ ಓದಿದರು. ಅಲ್ಪವೇನೋ ಹೌದು. ಆದರೆ ಆ ಅಲ್ಪದಲ್ಲಿ ಒಂದೆರಡು ಅಕ್ಷರ ಕೆಟ್ಟರೆ ಕಣ್ಣು, ಸ್ನಾಯು, ನರಗಳಿಗೆ ಸಂಕಟ.

ಆ ಸಣ್ಣ ಬರಹ ನಿಮಗೆ ಬಂದದ್ದು ತಾಯಿಯಿಂದ, ಆಕೆಗೆ ಆಕೆಯ ತಾಯಿಯಿಂದ. ತುಳುನಾಡಿನ ಅಳಿಯಸಂತಾನದಲ್ಲಿ ಬಳಿ ತಾಯಿಯ ಕಡೆಯಿಂದ ಇಳಿದು ಬರುವಂತೆಯೇ ಇಲ್ಲೂ. ಗಂಡುಮಕ್ಕಳಲ್ಲೂ ಅದು ಇರುತ್ತದೆ, ಆದರೆ ಅವರಿಂದ ಮುಂದಕ್ಕೆ ಹೋಗುವುದಿಲ್ಲ.

ಊರು ಬಿಟ್ಟು ಬಂದವರ ಮಕ್ಕಳು ನೀವು. ‘ನೀವು ಯಾವ ಊರಿನವರು?’ ಎಂದು ಇಲ್ಲಿಯವರು ಕೇಳುತ್ತಾರೆ. ರಜೆಗೆ ಹೋದರೆ ಅಲ್ಲಿಯವರೂ ಕೇಳುತ್ತಾರೆ. ಉತ್ತರ ಹೇಳಲು ತಡವರಿಸಿದ್ದೀರಿ. ಸೂಕ್ಷ್ಮಜೀವಿಗಳಿಂದ ನೀತಿ ಕಲಿಯಬೇಕೆಂದು ನಾನು ಹೇಳುವುದಿಲ್ಲ. ಅವು ನಮಗೆ ನೀತಿ ಹೇಳಲು ಹುಟ್ಟಿದವಲ್ಲ. ಆದರೆ ಒಂದು ಸಂಗತಿಯಂತೂ ಸತ್ಯ: ಅಪ್ಪಟ, ಬೆರಕೆಯಿಲ್ಲದ ಮೂಲ ಎಂಬುದು ನಿಮ್ಮ ಒಂದು ಜೀವಕೋಶದಲ್ಲೂ ಇಲ್ಲ. ಎರಡು ವಂಶಗಳು ಕೂಡಿದ್ದರಿಂದಲೇ ಅದು ದೊಡ್ಡ ಮನೆಯಾಯಿತು. ಒಳಗೆ ಬಂದವನು ಮನೆಯ ಕೆಲಸಕ್ಕೆ ಪೂರಾ ಹೆಗಲು ಕೊಟ್ಟ, ತನ್ನದನ್ನು ಸ್ವಲ್ಪ ಉಳಿಸಿಕೊಂಡ. ಆ ಸ್ವಲ್ಪ ಹೋದರೆ ಮನೆಯೂ ನಡೆಯದು.

ಕೊನೆಗೊಂದು ಕೆಲಸ ಹಚ್ಚುತ್ತೇನೆ. ಒಂದು ಲೋಟ ಕೆರೆಯ ನೀರಿಗೆ ನಾಲ್ಕು ಒಣಹುಲ್ಲಿನ ಕಡ್ಡಿ ಹಾಕಿ ಕಿಟಕಿಯ ಬಳಿ ಐದಾರು ದಿನ ಇಡಿ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಅದರ ಒಂದು ಹನಿ ನೋಡಿ. ಅದಿಲ್ಲದಿದ್ದರೆ ಸ್ಟಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಅಗ್ಗದ ಸೂಕ್ಷ್ಮದರ್ಶಕವೂ ಆದೀತು. ಚಪ್ಪಲಿಯಾಕಾರದ ಪ್ಯಾರಮೀಸಿಯಂ ಅವಸರದಲ್ಲಿ ಅತ್ತಿಂದಿತ್ತ ಓಡುವುದು ಕಂಡೀತು. ತಮ್ಮನಿಗೋ ತಂಗಿಗೋ ತೋರಿಸಿ, ಅಮ್ಮನನ್ನೂ ಕರೆಯಿರಿ. ಅದು ಏನು, ಎಲ್ಲಿಂದ ಬಂತು ಎಂದು ಅವರು ಕೇಳಿದಾಗ ಉತ್ತರವನ್ನು ಕನ್ನಡದಲ್ಲೇ ಹೇಳಿ. ಪದ ಸಿಗದಿದ್ದರೆ ಅಮ್ಮನನ್ನೇ ಕೇಳಿ. ಆಕೆಯ ಬಳಿ ಇರುತ್ತದೆ.